ಜೇಬು ನೋಡಿ ನೀರಿಗೆ

ಜನವರಿ 9

ಪ್ರೀತಿಯ ಭಾವಮೈದನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿನ್ನ ಕಂಪ್ಯೂಟರ್ ಒಂದನ್ನು ಬಿಟ್ಟು. ಹೋದ ವರ್ಷ ಆ ದ್ವೀಪದ ಹವಾಮಾನ ಕೇಂದ್ರಕ್ಕೆ ಕೆಲಸಕ್ಕೆ ಹೊರಟಾಗ "ಇದು ಇನ್ನೂ ಬಹಳ ವರ್ಷ ಓಡುತ್ತೆ ಭಾವ" ಅಂದಿದ್ದೆ. ಓಡುವುದಿರಲಿ, ಈಗ ಎದ್ದು ಕೂರುವುದಕ್ಕೇ ಅದಕ್ಕೆ ಆಗುತ್ತಿಲ್ಲ. ಸ್ವಿಚ್ ಒತ್ತಿ, ಕೆಳಗೆ ನಮ್ಮ ಲಾಂಡ್ರಿಗೆ ಇಳಿದು, ಎರಡು ಶರ್ಟು ಇಸ್ತ್ರಿ ಮಾಡಿ ಮೇಲೆ ಬಂದರೂ ಪರದೆಯ ಮೇಲೆ ಅದೇ ಚಕ್ರ ತಿರುಗುತ್ತಿರುತ್ತದೆ. ಒಳಗಿನ ಫ್ಯಾನು ಮಾಡುವ ಸದ್ದಿಗೆ ಪಕ್ಕದ ಮನೆಯವರು ನಾವು ಹೊಸ ಡ್ರೈಯರ್ ತಂದೆವೇನೋ ಅಂತ ವಿಚಾರಿಸಿಕೊಂಡು ಹೋದರು.

ನನಗೇನು, ನಾನು ಅದರಲ್ಲಿ ಇಸ್ಪೀಟು ಬಿಟ್ಟು ಬೇರೇನೂ ಆಡುವವನಲ್ಲ. ಕಷ್ಟ ನಿನ್ನ ಅಕ್ಕನದು. ಬಟ್ಟೆಯ ಕಲೆಗಳ ಪುಸ್ತಕವನ್ನು ಅವಳು ಮತ್ತೆ ಶುರು ಮಾಡಿದ್ದಾಳೆ. ನೀನು ಹೋದ ಮೇಲೆ ಎಷ್ಟೋ ದಿನ ಆ ಕೀಬೋರ್ಡಿಗೆ ದಿಂಬಿನ ಗೌಸು ಹೊದಿಸಿ ಇಟ್ಟಿದ್ದಳು. ಈಗ ಮಧ್ಯಾಹ್ನ ಊಟವಾದ ಮೇಲೆ ರಫೂ ಕೆಲಸ ಬದಿಗಿಟ್ಟು ಒಂದೇ ಬೆರಳಲ್ಲಿ ಕುಟ್ಟುತ್ತಾಳೆ. ಆಚೆ ಬೀದಿಯ ಪ್ರೆಸ್ಸಿನವರು, ಸದಾ ತೋಳಿಗೆ ಮಸಿ ಬಳಿದುಕೊಂಡು ಬರುತ್ತಾರಲ್ಲ, ಅವರು ಕೌಂಟರಿನ ಹತ್ತಿರ ನಿಂತು ನಾಲ್ಕು ಹಾಳೆ ಓದಿದರು. "ಬೇಸಿಗೆ ಮುಗಿಯೋದರೊಳಗೆ ಪೂರ್ತಿ ಮಾಡಿಕೊಡಿ, ನಾನೇ ಅಚ್ಚು ಹಾಕ್ತೀನಿ" ಅಂದರು. ಅವತ್ತು ನಿನ್ನ ಅಕ್ಕ ಯಾರದೋ ಪ್ಯಾಂಟಿಗೆ ಬೇರೆ ಯಾರದೋ ಗುಂಡಿ ಹೊಲಿದಳು, ಅಷ್ಟು ಖುಷಿ.

ಈಗ ಭಯ ಏನೆಂದರೆ, ಪುಸ್ತಕ ಮುಗಿಯುವ ಮುಂಚೆ ಈ ಡಬ್ಬಿಯೇ ಕೈಕೊಟ್ಟರೆ? ಹೊಸದು ತರೋಣ ಅಂದರೆ ಅವಳು ಸೊಪ್ಪು ಹಾಕುವುದಿಲ್ಲ. "ಇದರಲ್ಲಿ ಯಾವುದು ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತು" ಅನ್ನುತ್ತಾಳೆ.

ನಿಮ್ಮಿಬ್ಬರ ಜಗಳದಲ್ಲಿ ನಾನು ಮೂಗು ತೂರಿಸುವುದಿಲ್ಲ. ಅವಳು ಹೇಳುತ್ತಾ ನೀನು ಟೈಪ್ ಮಾಡುತ್ತಾ ಎರಡು ವರ್ಷ ಕಟ್ಟಿದ ಪುಸ್ತಕದಿಂದ ಗಿರಾಕಿಗಳ ಕಥೆಗಳನ್ನೆಲ್ಲ ಕಿತ್ತುಹಾಕಿ, ಕಲೆ ಮತ್ತು ಅದಕ್ಕೆ ಮದ್ದು ಇಷ್ಟನ್ನೇ ಉಳಿಸಿ, "ನೋಡಕ್ಕ, ಈಗ ಸ್ವಚ್ಛ ಆಯ್ತು" ಅಂತ ನೀನು ತೋರಿಸಿದ್ದು, ಅವಳು ಎದ್ದು ಅಡುಗೆಮನೆಗೆ ಹೋದದ್ದು, ನೀನು ಅವಳಿಗೊಂದು ಮಾತೂ ಹೇಳದೆ ಹಡಗು ಹತ್ತಿದ್ದು, ಎಲ್ಲ ನಾನು ಕಣ್ಣಾರೆ ಕಂಡವನೇ. ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ನಿನ್ನ ದ್ವೀಪಕ್ಕೆ ಫೋನು ಇಲ್ಲ, ಇರುವ ವೈರ್‌ಲೆಸ್ಸು ಸಾವುನೋವಿಗೆ ಮಾತ್ರ. ಕಂಪ್ಯೂಟರ್ ಇನ್ನೂ ಸತ್ತಿಲ್ಲ, ಹಾಗಾಗಿ ಕಾಗದ.

ಏನು ಮಾಡಲಿ, ತಿಳಿಸು.

ಇಸ್ತ್ರಿಯ ಬಿಸಿಯಲ್ಲೇ,
ನಿನ್ನ ಭಾವ

---

ಜನವರಿ 21

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಈರುಳ್ಳಿ ಮೂಟೆ ಜೊತೆ ನಿನ್ನೆ ಬಂತು. ಇಲ್ಲಿ ವಾರಕ್ಕೊಂದು ದೋಣಿ. ಗಾಳಿ ಜಾಸ್ತಿಯಾದರೆ ಅದೂ ಇಲ್ಲ. ಗಾಳಿ ಎಷ್ಟು ಜಾಸ್ತಿ ಅಂತ ಅಳೆಯೋದೇ ನನ್ನ ಕೆಲಸ, ಹಾಗಾಗಿ ದೂರು ಹೇಳೋ ಹಾಗಿಲ್ಲ.

ಕಂಪ್ಯೂಟರಿಗೆ ರೋಗ ಏನೂ ಇಲ್ಲ, ವಯಸ್ಸು ಮತ್ತು ಧೂಳು ಅಷ್ಟೇ. ಒಂದೊಂದಾಗಿ ಮಾಡೋಣ. ಮೊದಲ ಮಾತು: ನೀರು ಮುಟ್ಟಿಸಬೇಡಿ. ನಿಮ್ಮನ್ನು ಬಲ್ಲೆ, ಅದಕ್ಕೇ ಹೇಳ್ತಿದ್ದೀನಿ. ವೈರು ಕಿತ್ತು, ಡಬ್ಬಿಯ ಪಕ್ಕದ ಮುಚ್ಚಳದ ತಿರುಪು ಬಿಚ್ಚಿ, ಒಣಗಿದ ಮೆತ್ತನೆ ಬ್ರಷ್‌ನಿಂದ ಫ್ಯಾನು ಮತ್ತು ಅದರ ಕೆಳಗಿನ ಲೋಹದ ಹಲ್ಲುಗಳ ಧೂಳು ತೆಗೀರಿ. ಬ್ರಷ್ ಆಡಿಸುವಾಗ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಿ. ಒಳಗೆ ಗಾಳಿಯಾಡದೆ ಬಿಸಿಯಾದಾಗ ಅದು ತಾನಾಗಿಯೇ ನಿಧಾನ ಮಾಡುತ್ತೆ, ಮನುಷ್ಯರ ಹಾಗೆ. ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ.

ಇಷ್ಟು ಮಾಡಿ ಹೇಗಾಯ್ತು ಬರೀರಿ. ಆಮೇಲೆ ಒಳಗಿನ ಕಸ ನೋಡೋಣ.

ಅಕ್ಕ ಯಾವ ಕಲೆವರೆಗೂ ಬಂದಿದ್ದಾಳೆ? ನಾನು ಹೋಗುವಾಗ ತುಕ್ಕಿನ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ಕೇಳಿದೆ ಅಂತ ಹೇಳಬೇಡಿ.

ಇಂತಿ,
ಗಾಳಿ ಎಣಿಸುವವನು

---

ಫೆಬ್ರವರಿ 3

ಗಾಳಿ ಎಣಿಸುವವನೇ,

ಮುಚ್ಚಳ ಬಿಚ್ಚಿದೆ. ಒಳಗೆ ಏನಿತ್ತು ಗೊತ್ತೇ? ಬಟ್ಟೆಯ ಜುಂಗು! ಡ್ರೈಯರಿನ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅದೇ. ಕೆಂಪು, ನೀಲಿ, ಶಾಲೆಯ ಸಮವಸ್ತ್ರದ ಬೂದು, ಎಲ್ಲ ಸೇರಿ ಫ್ಯಾನಿಗೆ ಉಣ್ಣೆಯ ಟೋಪಿ ಹಾಕಿದ ಹಾಗೆ ಕೂತಿತ್ತು. ಒಣಗಿಸುವ ಕೋಣೆ ಸರಿಯಾಗಿ ಅದರ ಕೆಳಗೇ ಇದೆಯಲ್ಲ, ಇಡೀ ಬೀದಿಯ ಬಟ್ಟೆಯನ್ನು ಆ ಕಂಪ್ಯೂಟರ್ ಉಸಿರಾಡಿಕೊಂಡು ಬಂದಿದೆ. ನನಗೆ ಅದರ ಮೇಲೆ ಒಂಥರಾ ಅಭಿಮಾನ ಬಂತು. ಕೋಟಿನ ಒಂದು ಗುಂಡಿ, ಒಂದು ಹೇರ್‌ಪಿನ್ನೂ ಸಿಕ್ಕಿದವು. ಕವರಿಗೆ ಹಾಕಿ, 'ಕಂಪ್ಯೂಟರ್' ಅಂತ ಚೀಟಿ ಬರೆದು ಪಿನ್ನು ಚುಚ್ಚಿ ಇಟ್ಟಿದ್ದೇನೆ. ನನ್ನ ನಿಯಮ ನಿನಗೆ ಗೊತ್ತು. ಜೇಬು ನೋಡದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕುವವನಲ್ಲ ನಾನು. ಹರಿದ ಬಸ್ ಟಿಕೆಟ್ಟಾದರೂ ಸರಿ, ಕವರಿನಲ್ಲಿ ಹಾಕಿ ಧಣಿಗೆ ಒಪ್ಪಿಸಿಯೇ ಸಿದ್ಧ.

ನೀರು ಮುಟ್ಟಿಸಬೇಡ ಅಂದಿದ್ದೆ. ಡಬ್ಬಿಗೆ ಮುಟ್ಟಿಸಲಿಲ್ಲ. ಕೀಬೋರ್ಡಿನ ವಿಷಯ ನೀನು ಏನೂ ಬರೆದಿರಲಿಲ್ಲ. ಗುಂಡಿಗಳನ್ನೆಲ್ಲ ಒಂದೊಂದೇ ಕಿತ್ತು, ನಾಜೂಕು ಬಟ್ಟೆಗೆ ಬಳಸುವ ಬಲೆ ಚೀಲಕ್ಕೆ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಜಾಲಾಡಿ ಒಣಗಿಸಿದೆ. ಹೊಸದರ ಹಾಗಾದವು. ತಿರುಗಿ ಕೂರಿಸುವಾಗ ಎರಡು ಮೂರು ಅದಲುಬದಲಾದವು, ಅಷ್ಟೇ. ನಿನ್ನ ಅಕ್ಕ ಕೂತು ಒಂದು ಸಾಲು ಕುಟ್ಟಿ, ಪರದೆ ನೋಡಿ, ಕೀಬೋರ್ಡನ್ನು ಎತ್ತಿ ಮೂಸಿದಳು.

"ಇದಕ್ಕೆ ಯಾಕ್ರೀ ಸೋಪಿನ ವಾಸನೆ?"

"ನನ್ನ ಕೈ ವಾಸನೆ ಇರಬೇಕು" ಅಂದೆ.

"ನಿಮ್ಮ ಕೈ ಇದರ ಮೇಲೆ ಯಾಕೆ ಬಂತು?"

ನಾನು ಮೆಷಿನ್ ನೋಡುವ ನೆಪದಲ್ಲಿ ಕೆಳಗಿಳಿದೆ. ಅವಳೇ ಗುಂಡಿಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿಕೊಂಡಳು.

ಫ್ಯಾನಿನ ಸದ್ದು ಅಡಗಿದೆ. ಎರಡು ಶರ್ಟು ತೆಗೆದುಕೊಳ್ಳುತ್ತಿದ್ದದ್ದು ಈಗ ಒಂದೇ ಶರ್ಟಿಗೆ ಏಳುತ್ತದೆ, ಅದೂ ಅರ್ಧ ತೋಳಿನದು. ತುಕ್ಕು ಮುಗಿದು, ಈಗ ಗ್ರೀಸಿನಲ್ಲಿದ್ದಾಳೆ. ನೀನು ಕೇಳಿದೆ ಅಂತ ಹೇಳಿಲ್ಲ. ಆದರೆ ಮೊನ್ನೆ ರೇಡಿಯೋದಲ್ಲಿ ಸಮುದ್ರದ ಕಡೆ ಬಿರುಗಾಳಿ ಅಂತ ಬಂದಾಗ ಅವಳು ಸೂಜಿ ನಿಲ್ಲಿಸಿ ಪೂರ್ತಿ ಕೇಳಿದಳು.

ನಿನ್ನ ಭಾವ

---

ಫೆಬ್ರವರಿ 15

ಭಾವನವರಿಗೆ,

ಕೀಬೋರ್ಡಿಗೆ ಸ್ನಾನ ಮಾಡಿಸಿದ ಸುದ್ದಿ ಓದಿ ಇಲ್ಲಿ ನಮ್ಮ ಅಡುಗೆಯವರೂ ಬಿದ್ದು ಬಿದ್ದು ನಕ್ಕರು.

ಈಗ ಒಳಗಿನ ಕೆಲಸ. ಆನ್ ಆದ ತಕ್ಷಣ ಕರೆಯದೆ ಬಂದು ಕೂರುವ ಪ್ರೋಗ್ರಾಮುಗಳು ಕೆಲವು ಇವೆ. ಅವನ್ನು ಹೇಗೆ ತಡೆಯೋದು ಅಂತ ಇನ್ನೊಂದು ಹಾಳೆಯಲ್ಲಿ ಚಿತ್ರ ಬರೆದಿದ್ದೀನಿ. ಬೇಡವಾದ ಆಟಗಳನ್ನು ತೆಗೀರಿ, ಇಸ್ಪೀಟು ಇರಲಿ.

ಆಮೇಲೆ ಡಿಸ್ಕು. ಒಳಗೆ ತಿರುಗುವ ತಟ್ಟೆ ಅದು, ತುಂಬಿಹೋದರೆ ಹುಡುಕಾಟ ನಿಧಾನ. 'ಪುಸ್ತಕ' ಅನ್ನೋ ಫೋಲ್ಡರನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಮುಖ್ಯವಾದದ್ದು ಅದೊಂದೇ. 'ಹಳೇದು' ಅಂತ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿರೋದು ನಾನು ಹೊರಡುವ ಮುಂಚಿನ ಕರಡು, ಮತ್ತೆ ಕಲೆಗಳ ದೊಡ್ಡ ದೊಡ್ಡ ಫೋಟೋ. ಜಾಗ ತಿನ್ನುತ್ತಿರೋದು ಅದೇ. ಪೂರ್ತಿ ಅಳಿಸಿ. ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಕೊನೆಗೆ, ಚಿತ್ರದಲ್ಲಿ ತೋರಿಸಿದ ಹಾಗೆ, ಉಳಿದ ಫೈಲುಗಳನ್ನು ಒತ್ತಾಗಿ ಜೋಡಿಸುವ ಗುಂಡಿ ಒತ್ತಿ ಬಿಟ್ಟುಬಿಡಿ. ಅದು ನಿಧಾನಕ್ಕೆ ಮಾಡಿಕೊಳ್ಳುತ್ತೆ. ಮಧ್ಯದಲ್ಲಿ ನಿಲ್ಲಿಸಬೇಡಿ.

ಇಷ್ಟಾದರೆ ಅಕ್ಕನ ಪುಸ್ತಕ ಮುಗಿಯೋವರೆಗೂ ಅದಕ್ಕೆ ಏನೂ ಆಗಲ್ಲ. ನನ್ನ ಮಾತು ನಂಬಿ.

ಬಿರುಗಾಳಿ ನಮ್ಮನ್ನು ಬಿಟ್ಟು ಉತ್ತರಕ್ಕೆ ಹೋಯ್ತು. ಒಂದು ಕಿಟಕಿ ಗಾಜು ಹೋಗಿದ್ದು ಬಿಟ್ಟರೆ ಆರಾಮ. ಇದನ್ನು ನೀವು ಜೋರಾಗಿ ಓದಿದರೂ ನನ್ನ ಅಭ್ಯಂತರ ಇಲ್ಲ.

ಇಂತಿ,
ನಿಮ್ಮ ಭಾವಮೈದ

---

ಫೆಬ್ರವರಿ 27

ಭಾವಮೈದನೇ,

ನಿನಗೊಂದು ಸಲಾಮು. ನಿನ್ನ ಅಕ್ಕ ನಿನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು, ರಾತ್ರಿ ಅಲ್ಲೇ ಉಳಿದಳು. ಅದೇ ಸಮಯ ಅಂತ ನೀನು ಹೇಳಿದ್ದನ್ನೆಲ್ಲ ಸಾಲಾಗಿ ಮಾಡಿದೆ. 'ಪುಸ್ತಕ' ಪೆನ್‌ಡ್ರೈವಿಗೆ ಹೋಯಿತು, 'ಹಳೇದು' ಹೋಯಿತು, ಬುಟ್ಟಿ ಖಾಲಿಯಾಯಿತು, ಜೋಡಿಸುವ ಗುಂಡಿ ಒತ್ತಿ ಮಲಗಿದೆ, ಬೆಳಿಗ್ಗೆ ಮುಗಿದಿತ್ತು. ಈಗ ಸ್ವಿಚ್ ಒತ್ತಿ ಒಂದು ಕಾಲರು ಇಸ್ತ್ರಿ ಮಾಡುವುದರೊಳಗೆ ತಯಾರು! ನಮ್ಮ ಮದುವೆ ಹೊಸತರಲ್ಲಿ ನಾನು ಕೂಡ ಇಷ್ಟು ಬೇಗ ಏಳುತ್ತಿದ್ದೆ. ಇನ್ನೇನು ಅವಳು ಬರುವ ಹೊತ್ತು. ಏನೂ ಹೇಳುವುದಿಲ್ಲ, ಆನ್ ಮಾಡಿಟ್ಟು ಮುಖ ನೋಡುತ್ತೇನೆ. ಮುಂದಿನದು ಆಮೇಲೆ ಬರೆಯುತ್ತೇನೆ.

ಸಂಜೆ.

ಈ ಕಾಗದ ಹರಿದುಹಾಕೋಣ ಅಂದುಕೊಂಡೆ. ಬೇಡ, ನಿನಗೂ ತಿಳಿಯಲಿ.

ಅವಳು ಬಂದು ಕೂತಳು. ಬೇಗ ಆನ್ ಆದದ್ದನ್ನು ನೋಡಿ ಹುಬ್ಬೇರಿಸಿದಳು. ನಾನು ಬಾಗಿಲ ಹತ್ತಿರ ನಗುತ್ತಾ ನಿಂತಿದ್ದೆ. ಅವಳು ಅಲ್ಲಿ ಇಲ್ಲಿ ಒತ್ತಿದಳು. ತಿರುಗಿ, "'ಹಳೇದು' ಎಲ್ರೀ?" ಅಂದಳು.

"ಅದು ಹಳೇದಲ್ವಾ, ತೆಗೆದೆ" ಅಂದೆ.

ನೀನು ಸ್ವಚ್ಛ ಮಾಡಿದ್ದ 'ಪುಸ್ತಕ'ವನ್ನು ಅವಳು ಒಂದು ದಿನವೂ ತೆರೆದಿಲ್ಲವಂತೆ. ಜನರಿರುವ ಕರಡು 'ಹಳೇದು' ಒಳಗಿತ್ತಲ್ಲ, ಅದನ್ನೇ ಮುಂದುವರಿಸಿಕೊಂಡು ಬಂದಿದ್ದಾಳೆ. ಪ್ರೆಸ್ಸಿನವರು ಓದಿದ್ದು ಅದನ್ನು. ತುಕ್ಕು, ಗ್ರೀಸು, ನೀನಿದ್ದಾಗಿನ ಎರಡು ವರ್ಷದ್ದು, ಎಲ್ಲ ಅದರಲ್ಲೇ. ಅದಕ್ಕೆ ಹೊಸ ಹೆಸರಿಡಬೇಕು ಅಂತ ಅವಳಿಗೆ ಹೊಳೆಯಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಯಾರು ಹೇಳಿಕೊಟ್ಟರು?" ಅಂತ ಕೇಳಿದಳು, ನಾನು ಹೇಳಿದೆ. ಕೀಬೋರ್ಡಿಗೆ ಮತ್ತೆ ದಿಂಬಿನ ಗೌಸು ಹೊದಿಸಿ ಕೆಳಗಿಳಿದಳು. ಈಗ ಕೌಂಟರಿನಲ್ಲಿ ಕೂತು ಕಾಲ್ಚೀಲ ಜೋಡಿ ಮಾಡುತ್ತಿದ್ದಾಳೆ.

ಇಷ್ಟು ವರ್ಷ ಊರವರ ಜೇಬೆಲ್ಲ ತಡಕಿದವನು, ಮನೆಯವಳ ಜೇಬು ನೋಡದೆ ನೀರಿಗೆ ಹಾಕಿಬಿಟ್ಟೆನಲ್ಲ ಮಾರಾಯ. ಏನಾದರೂ ಉಪಾಯ ಇದ್ದರೆ ಮುಂದಿನ ದೋಣಿಗೇ ಬರೆ.

ಭಾವ

---

ಮಾರ್ಚ್ 8

ಭಾವ,

ಬರೀ ಅಳಿಸಿದ್ದಿದ್ದರೆ ಹೆಕ್ಕಿ ತೆಗೆಯಬಹುದಿತ್ತು. ಅಳಿಸಿದ್ದು ಒಂದಷ್ಟು ದಿನ ತಟ್ಟೆಯ ಮೇಲೇ ಇರುತ್ತೆ. ಆದರೆ ಜೋಡಿಸುವ ಗುಂಡಿ ಒತ್ತಿ ಅಂದೆನಲ್ಲ, ಆಗ ಬೇರೆ ಫೈಲುಗಳು ಆ ಜಾಗಕ್ಕೆ ಬಂದು ಕೂತಿರುತ್ತವೆ. ಇನ್ನು ಸಿಗಲ್ಲ. ಸುಳ್ಳು ಆಸೆ ಹುಟ್ಟಿಸಲಾರೆ.

ನೀವು ಬೇಜಾರು ಮಾಡಿಕೊಳ್ಳಬೇಡಿ. ನೀವು ನಾನು ಹೇಳಿದ್ದನ್ನೇ ಮಾಡಿದ್ದು. ಅಕ್ಕ ಎಂಥದನ್ನು ಇಟ್ಟುಕೊಂಡಿದ್ದಾಳೆ ಅಂತ ಕೇಳದೆಯೇ ನನಗೆ ಗೊತ್ತು ಅಂದುಕೊಂಡೆ. ಅವಳ ಪುಸ್ತಕಕ್ಕೆ ನಾನು ಹೀಗೆ ಮಾಡಿದ್ದು ಇದು ಎರಡನೇ ಸಲ.

ಅವಳಿಗೆ ಬರೆಯೋಕೆ ಕೂತೆ. 'ಪ್ರೀತಿಯ ಅಕ್ಕ' ಅನ್ನೋದನ್ನು ದಾಟಿ ಪೆನ್ನು ಮುಂದಕ್ಕೆ ಹೋಗಲಿಲ್ಲ. ನೀವೇ ಹೇಳಿ.

ನಿಮ್ಮ ಭಾವಮೈದ

---

ಮಾರ್ಚ್ 19

ತಮ್ಮಾ,

ನನ್ನ ಬೆನ್ನ ಹಿಂದೆ ನೀವಿಬ್ಬರೂ ಪ್ರೇಮಪತ್ರ ಬರೆದುಕೊಳ್ಳುತ್ತಿದ್ದೀರಂತೆ. ಎಲ್ಲ ಓದಿದೆ. ನಿನ್ನ ಭಾವನೇ ತಂದು ಮಡಿಲಿಗೆ ಹಾಕಿದರು. ಬಿಸಿನೀರಿಗೆ ಬಿದ್ದ ಉಣ್ಣೆಯ ಸ್ವೆಟರಿನ ಹಾಗೆ ಮುದುಡಿ ಹೋಗಿದ್ದಾರೆ. ಅವರ ಮೇಲೆ ಕೋಪ ಮಾಡಿಕೊಂಡು ಕೂರಲು ನನಗೆ ಪುರುಸೊತ್ತಿಲ್ಲ, ಅಂಗಡಿ ನಡೆಯಬೇಕಲ್ಲ.

ನಿನ್ನ ಮೇಲೆ ಕೋಪ ಇದೆ. ಫೋಲ್ಡರ್ ಅಳಿಸಿದ್ದಕ್ಕಲ್ಲ. ಆ ಜನರನ್ನು ನೀನು ಕಸ ಅಂದುಕೊಂಡೆಯಲ್ಲ, ಅದಕ್ಕೆ. ನೀನು ಎಂಟು ವರ್ಷದವನಿದ್ದಾಗಿನಿಂದ ಈ ಕೌಂಟರಿನ ಕೆಳಗೆ ಕೂತು ಅವರ ಮಾತು ಕೇಳಿ ಬೆಳೆದವನು. ನನಗೆ ನೋವಾಯಿತು, ತುಂಬಾ ನೋವಾಯಿತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ನೀನೂ ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ನಿನ್ನ 'ಪುಸ್ತಕ'ವನ್ನು ಮೊದಲ ಸಲ ತೆರೆದು ನೋಡಿದೆ. ಯಾವುದಕ್ಕೆ ಉಪ್ಪು, ಯಾವುದಕ್ಕೆ ನಿಂಬೆಹಣ್ಣು, ಎಷ್ಟು ಹೊತ್ತು ನೆನೆಸಬೇಕು, ಎಲ್ಲ ಸರಿಯಾಗಿದೆ. ಒಂದು ತಪ್ಪಿಲ್ಲ, ಹಾಳಾದವನೇ. ಮದ್ದನ್ನು ನಾನು ತಿರುಗಿ ಬರೆಯುವ ಹಾಗಿಲ್ಲ. ಜನರನ್ನು ಮಾತ್ರ ವಾಪಸ್ ಕರೆತರಬೇಕು. ಪ್ರೆಸ್ಸಿನವರನ್ನು ಕೇಳಿದೆ. "ಮದ್ದು ಯಾರ ಮೊಬೈಲಿನಲ್ಲಾದರೂ ಸಿಗುತ್ತೆ ಅಮ್ಮ, ನನಗೆ ಬೇಕಿರೋದು ಆ ಜನ" ಅಂದರು. ಬೇಸಿಗೆ ಮುಗಿಯುವವರೆಗೆ ಕಾಯುತ್ತಾರೆ, ಅದರಾಚೆಗೆ ಅವರಿಗೆ ಪಠ್ಯಪುಸ್ತಕದ ಕೆಲಸ.

ಕೂತು ನೋಡಿದೆ. ಬಟ್ಟೆ ನೆನಪಿದೆ, ಮುಖ ನೆನಪಿದೆ. ಹೇಗೆ ಹೇಳಿದ್ದೆ ಅನ್ನುವುದು ಬರುತ್ತಿಲ್ಲ. ನೀನು ಆ ಕುರ್ಚಿಯಲ್ಲಿ ಕೂತಿದ್ದರೆ ಬರುತ್ತಿತ್ತು. ನಗಬಾರದ ಜಾಗದಲ್ಲಿ ನೀನು ನಗುತ್ತಿದ್ದೆ, ನನಗೆ ರೇಗುತ್ತಿತ್ತು, ಆಗ ಸರಿಯಾದ ಮಾತು ಬಾಯಿಗೆ ಬರುತ್ತಿತ್ತು.

ಬಾ. ರಜೆ ಸಿಗಲಿಲ್ಲ ಅಂದರೆ ಗಾಳಿಯನ್ನು ಯಾರಿಗಾದರೂ ಒಪ್ಪಿಸಿ ಬಾ. ಕಂಪ್ಯೂಟರ್ ಈಗ ಬೇಗ ಏಳುತ್ತದೆ, ನಿಮ್ಮಿಬ್ಬರಿಂದ ಆದ ಲಾಭ ಅದೊಂದು.

ಅಕ್ಕ

---

ಮಾರ್ಚ್ 30

ಪ್ರೀತಿಯ ಅಕ್ಕ,

ತಪ್ಪಾಯಿತು. ಇದಕ್ಕಿಂತ ಉದ್ದಕ್ಕೆ ಬರೆಯೋಕೆ ನನಗೆ ಬರಲ್ಲ.

ಆದರೆ ಆ ಜನರನ್ನು ನಾನು ಓದದೆ ತೆಗೆದಿರಲಿಲ್ಲ. ಒಬ್ಬೊಬ್ಬರನ್ನೂ ಟೈಪ್ ಮಾಡಿದವನು ನಾನೇ. ಪುಸ್ತಕ ಅಂದರೆ ಹೀಗಿರಬೇಕು ಅಂತ ಯಾವುದೋ ಭೂತ ಹಿಡಿದಿತ್ತು, ತೆಗೆದೆ. ಇಲ್ಲಿ ಸಂಜೆ ಮಾಡೋಕೆ ಏನೂ ಇರಲ್ಲ. ನಿನ್ನ ಕಾಗದ ಬಂದಾಗಿನಿಂದ ನೆನಪಿಸಿಕೊಂಡು ಕೂತಿದ್ದೀನಿ. ಸರಿ ಇದೆಯಾ ನೋಡು.

ಮಸಿ. ಬಡ್ತಿ ಸಿಕ್ಕ ದಿನ ಪೆನ್ನಿನ ಮುಚ್ಚಳ ಹಾಕೋದು ಮರೆತು ಎದೆಯ ಜೇಬಿಗಿಟ್ಟುಕೊಂಡ ಗುಮಾಸ್ತರು. ಶರ್ಟು ಕೊಟ್ಟು, ಬಾಗಿಲವರೆಗೂ ಹೋಗಿ, ವಾಪಸ್ ಬಂದು, "ಕಲೆ ಇರ್ಲಿ ಬಿಡಿ, ಬರೀ ಒಗೀರಿ" ಅಂದರು.

ತುಟಿಯ ಬಣ್ಣ. ಬಸ್ ಡ್ರೈವರು. ಕಾಲರ್ ಮಡಚಿ ಮುಚ್ಚಿ ಕೊಟ್ಟರು. ಭಾವ ಕಣ್ಣು ಹೊಡೆದರು. ಮರುವಾರ ಅವರ ಜೊತೆ ನಾಲ್ಕು ವರ್ಷದ ಮಗಳು ಬಂದಳು, ಮೂಗಿನವರೆಗೂ ಅಮ್ಮನ ಲಿಪ್‌ಸ್ಟಿಕ್ ಬಳಿದುಕೊಂಡು. ಭಾವ ಆವತ್ತು ಅವರ ಶರ್ಟಿಗೆ ಕಾಸು ತಗೊಳ್ಳಲಿಲ್ಲ.

ರಕ್ತ. ರಾತ್ರಿ ಪಾಳಿಯ ನರ್ಸು. ಪ್ರತಿ ವಾರ ತಣ್ಣೀರಲ್ಲಿ ನೆನೆಸಿಯೇ ತರೋರು, ನಮಗೆ ಕಷ್ಟ ಆಗಬಾರದು ಅಂತ. ಒಂದು ವಾರ ಮಾತ್ರ ನೆನೆಸದೆ ತಂದರು. ನೀನು ಏನೂ ಕೇಳದೆ ಅವರಿಗೆ ಸ್ಟೂಲು ಎಳೆದುಕೊಟ್ಟೆ. ಇದನ್ನು ಟೈಪ್ ಮಾಡುವಾಗ ನಾನು ನಗಲಿಲ್ಲ. ನಿನಗೆ ನೆನಪಿದೆಯಾ?

ಇನ್ನೂ ಇದ್ದಾರೆ. ಫುಟ್‌ಬಾಲಿನಲ್ಲಿ ಗೋಲು ಕಾಯುವ ಹುಡುಗಿಯ ಕೆಸರು, ಗ್ಯಾರೇಜಿನವರ ಮದುವೆ ಕೋಟಿನ ತುಕ್ಕು. ಗ್ರೀಸು ಮಾತ್ರ ನೀನು ನಾನಿಲ್ಲದಾಗ ಬರೆದದ್ದು, ಅದನ್ನು ನೀನೇ ಹೇಳಬೇಕು.

ರಜೆ ಮಂಜೂರಾಗಿದೆ. ಮುಂದಿನ ದೋಣಿಗೆ ಹೊರಡ್ತೀನಿ. ಮಾಸಿದ ಬಟ್ಟೆ ಬಹಳ ಇದೆ, ಭಾವನಿಗೆ ಹೇಳಿಡು.

ನಿನ್ನ ತಮ್ಮ

---

ಮೇ 29

ತಮ್ಮಾ,

ನೀನು ವಾಪಸ್ ದ್ವೀಪ ಸೇರಿದ ಸುದ್ದಿ ತಿಳಿಯಿತು. ನಾವಿಬ್ಬರೂ ಕೂತು ಮುಗಿಸಿದ ಪುಸ್ತಕದ ಹಾಳೆಗಳ ಕಟ್ಟನ್ನು ಪ್ರೆಸ್ಸಿನವರು ನಿನ್ನೆ ತೆಗೆದುಕೊಂಡು ಹೋದರು. ತೋಳಿನ ಮಸಿ ಮೇಲಿನ ಹಾಳೆಗೆ ಹತ್ತಿತು. "ನೋಡಿ, ನನ್ನ ಅಧ್ಯಾಯಾನೂ ಸೇರಿಹೋಯ್ತು" ಅಂದರು.

ನಿನ್ನ ಭಾವ ತಿಂಗಳಿಗೊಂದು ಸಲ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಜುಂಗು ತೆಗೆಯುತ್ತಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಒಳಗಿನ ಕಸ ತೆಗೆಯುವ ಮುಂಚೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಇದು ತೆಗೀಲಾ? ಇದು?" ಅಂತ ಒಂದೊಂದಕ್ಕೂ ಕೇಳಿ ನನ್ನ ಪ್ರಾಣ ತಿನ್ನುತ್ತಾರೆ. ಪುಸ್ತಕದ ಫೋಲ್ಡರಿಗೆ ಹೊಸ ಹೆಸರಿಟ್ಟಿದ್ದೇನೆ, 'ಜೇಬು' ಅಂತ. ಇನ್ನು ಅವರು ಸತ್ತರೂ ಅದನ್ನು ನೋಡದೆ ನೀರಿಗೆ ಹಾಕುವುದಿಲ್ಲ.

ಕೊನೆಯಲ್ಲಿ ಒಂದು ಕಲೆ ಸೇರಿಸಿದ್ದೇನೆ. ನೀನು ಹೋದ ಮೇಲೆ ಒಬ್ಬಳೇ ಕುಟ್ಟಿದ್ದು. ಅಚ್ಚಾಗುವ ಮುಂಚೆ ನೀನು ನೋಡಬೇಕು ಅನ್ನಿಸಿತು.

'ಸಮುದ್ರದ ಉಪ್ಪು. ಬರೀ ನೀರು ಸಾಕು. ಸೋಪು ಬೇಡ, ಉಜ್ಜುವುದು ಬೇಡ, ನೆನೆಯಲು ಬಿಡಿ. ಇದು ನನ್ನ ತಮ್ಮನ ಶರ್ಟು. ಕಾಲರಿನ ಸುತ್ತ ಬಿಳೀ ಗೆರೆ ಕಟ್ಟಿತ್ತು. ಬಂದ ದಿನ ಬಾಗಿಲಲ್ಲೇ ನಿಂತು ಚೀಲದಿಂದ ಮಾಸಿದ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟ. ನಮ್ಮ ಅಂಗಡಿಯ ಪದ್ಧತಿಯಂತೆ ನಾನು ಜೇಬು ನೋಡಿದೆ. ನಾನು ಅವನಿಗೆ ಬರೆದಿದ್ದ ಕಾಗದ ಇತ್ತು, ಮಡಿಕೆಯಲ್ಲಿ ಹರಿಯುವಷ್ಟು ಸಲ ಬಿಚ್ಚಿ ಮಡಚಿದ್ದ. ಕವರಿಗೆ ಹಾಕಿ, ಅವನ ಹೆಸರಿನ ಚೀಟಿ ಚುಚ್ಚಿ, ಒಗೆದ ಶರ್ಟಿನ ಜೊತೆ ವಾಪಸ್ ಕೊಟ್ಟೆ.'

ಕಾಗುಣಿತ ತಪ್ಪಿದ್ದರೆ ತಿದ್ದು. ಅವನನ್ನು ಮಾತ್ರ ತೆಗೆಯಬೇಡ.

ನಿನ್ನ ಅಕ್ಕ